ಹರಾಜಿಗೆ ನಿಂತ ಹುಡುಗರು

ಜುಗೂಳದ ಹೊಳೆದಂಡೆಯಲ್ಲಿ ನಿಂತರೆ ಕೃಷ್ಣೆಯ ಆಚೆ ದಡಕ್ಕೆ ಖಿದ್ರಾಪುರ. ಇಂದು ಹೊಳೆಯ ಈಚೆ ಕರ್ನಾಟಕ, ಆಚೆ ಮಹಾರಾಷ್ಟ್ರ. ನಾನೂರು ವರ್ಷಗಳ ಹಿಂದೆ ಎರಡೂ ದಡಗಳು ವಿಜಾಪುರದ ಆದಿಲಶಾಹಿ ಅರಸರ ಸೀಮೆಯಾಗಿದ್ದವು. ಕಾಗವಾಡ, ಅಥಣಿ, ರಾಯಬಾಗಗಳ ಈ ಬಯಲು ಕಡಲ ಬಂದರುಗಳಿಗೂ ವಿಜಾಪುರದ ಅರಮನೆಗೂ ನಡುವಿನ ನೆಲ. ೧೬೩೯ರ ಸುಮಾರಿಗೆ ಗೋವೆಗೆ ಬಂದಿದ್ದ ಜರ್ಮನ್ ಪ್ರವಾಸಿ ಮ್ಯಾಂಡೆಲ್ಸ್ಲೋ ಈ ಕಡೆಯ ಊರುಗಳಲ್ಲಿ ಅಥಣಿಯನ್ನು ಹೆಸರಿಸುತ್ತಾನೆ. ಇಂಥ ದಾರಿಗಳಲ್ಲಿ ಸಾಗಿದ ಸರಕುಗಳನ್ನು ನಾವು ಬಲ್ಲೆವು: ಮೆಣಸು, ಬಟ್ಟೆ, ಅರಬೀ ಕುದುರೆ. ಕಡಲಿನಿಂದ ದಖ್ಖನ್ನಿಗೆ ಬರುತ್ತಿದ್ದ ಇನ್ನೊಂದು ಸರಕೂ ಇತ್ತು. ಅದಕ್ಕೆ ಮಾತು ಬರುತ್ತಿತ್ತು. ಆದರೆ ಇಲ್ಲಿಯವರಿಗೆ ತಿಳಿಯುವ ಮಾತಲ್ಲ.

ಆ ಸರಕಿನ ವಿಷಯಕ್ಕೆ ಬರುವ ಮುನ್ನ ನಿಮಗೊಂದು ಕಟ್ಟುಕಥೆಯನ್ನು ಹೇಳಲು ಅಪ್ಪಣೆಯಿರಲಿ. ೧೯೫೭ರಲ್ಲಿ ಅಮೇರಿಕದ ರಾಬರ್ಟ್ ಹೈನ್‌ಲೈನ್ ಎಂಬ ಲೇಖಕನು ‘ಸಿಟಿಜನ್ ಆಫ್ ದಿ ಗ್ಯಾಲಕ್ಸಿ’ ಎಂಬ ವೈಜ್ಞಾನಿಕ ಕಾದಂಬರಿಯನ್ನು ಪ್ರಕಟಿಸಿದ. ಮನುಷ್ಯರು ನಕ್ಷತ್ರಗಳ ನಡುವೆ ಹಡಗು ನಡೆಸುವ ಕಾಲ. ದೂರದ ಲೋಕವೊಂದರ ಪೇಟೆಯಲ್ಲಿ ಗುಲಾಮರ ಹರಾಜು ನಡೆದಿದೆ. ೯೭ನೆಯ ಸರಕೆಂದು ಕಟ್ಟೆಯ ಮೇಲೆ ನಿಂತವನು ಥಾರ್ಬಿ ಎಂಬ ಬಡಕಲು ಹುಡುಗ. ಕೊಳ್ಳುವವರಿಲ್ಲ, ಕುಂಟ ಭಿಕ್ಷುಕನೊಬ್ಬ ಜುಜುಬಿ ಬೆಲೆಗೆ ಕೂಗಿ ಪಡೆಯುತ್ತಾನೆ. ಆ ಪಟ್ಟಣದ ಹೆಸರೇನು ಬಲ್ಲಿರಾ? ಜಬ್ಬಲ್‌ಪುರ! ನಮ್ಮ ಮಧ್ಯಪ್ರದೇಶದ ಊರಿನ ಹೆಸರನ್ನೇ ಲೇಖಕ ನಕ್ಷತ್ರಲೋಕಕ್ಕೆ ಹೊತ್ತೊಯ್ದಿದ್ದಾನೆ. ಜುಗೂಳಕ್ಕೆ ಆ ಭಾಗ್ಯ ತಪ್ಪಿತು.

ಭಿಕ್ಷುಕನು ಹುಡುಗನಿಗೆ ಅಕ್ಷರ, ಗಣಿತ, ಹಲವು ಭಾಷೆಗಳನ್ನು ಕಲಿಸಿ, ಬಿಡುಗಡೆಯ ಪತ್ರವನ್ನೂ ಮಾಡಿಸಿಕೊಡುತ್ತಾನೆ. ಕಥೆ ಅಲ್ಲಿಗೆ ಮುಗಿಯಬೇಕಿತ್ತಲ್ಲವೆ? ಮುಗಿಯುವುದಿಲ್ಲ. ಥಾರ್ಬಿಯನ್ನು ದತ್ತು ತೆಗೆದುಕೊಂಡ ವರ್ತಕರ ಹಡಗು ಎಲ್ಲಿಗೆ ಬೇಕಾದರೂ ಹೋಗಬಲ್ಲದು. ಅದರೊಳಗಿನ ಮನುಷ್ಯರು ಮಾತ್ರ ಕುಲದ ಕಟ್ಟಳೆಯಿಂದ ಕದಲಲಾರರು. ಕೊನೆಗೆ ಅವನು ಭೂಮಿಯ ಮಹಾ ಸಿರಿವಂತ ಮನೆತನದ ವಾರಸುದಾರನೆಂದು ತಿಳಿಯುತ್ತದೆ. ಜೊತೆಗೆ ಇನ್ನೊಂದು ಸಂಗತಿಯೂ ತಿಳಿಯುತ್ತದೆ: ಆ ಮನೆತನದ ಕಾರಖಾನೆಗಳು ಕಟ್ಟಿದ ಹಡಗುಗಳೇ ಗುಲಾಮರ ವ್ಯಾಪಾರಿಗಳ ಕೈ ಸೇರುತ್ತಿವೆ. ಹುಡುಗ ದೊಡ್ಡವನಾಗುವುದು ಬಿಡುಗಡೆಯ ಪತ್ರ ಸಿಕ್ಕ ದಿನದಂದಲ್ಲ, ಈ ಲೆಕ್ಕ ಕಣ್ಣಿಗೆ ಬಿದ್ದ ದಿನದಂದು. ಇಡೀ ಪುಸ್ತಕದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಭಾಗ ಅದೇ. ಏಕೆಂದರೆ ಇದು ಕಟ್ಟುಕಥೆಯಾಗಿ ಬರುವ ಎಷ್ಟೋ ಮೊದಲು ನಮ್ಮ ದಖ್ಖನ್ನಿನಲ್ಲಿ ನಡೆದುಹೋದದ್ದು.

ಹರಾಜಿನ ಕಟ್ಟೆ ದೂರವೇನಿರಲಿಲ್ಲ. ೧೫೮೦ರ ದಶಕದಲ್ಲಿ ಗೋವೆಯಲ್ಲಿದ್ದ ಡಚ್ಚರ ಲಿನ್‌ಸ್ಖೋಟನ್ ಅಲ್ಲಿನ ದೊಡ್ಡ ಬೀದಿಯಲ್ಲಿ ದಿನದಿನವೂ ಮುಂಜಾನೆ ಹರಾಜು ನಡೆಯುತ್ತಿದ್ದುದನ್ನೂ, ಅಲ್ಲಿ ಗಂಡು ಹೆಣ್ಣು ಮಕ್ಕಳನ್ನು ದನಗಳಂತೆ ಮಾರುತ್ತಿದ್ದುದನ್ನೂ ಬರೆದಿಟ್ಟಿದ್ದಾನೆ. ದಖ್ಖನ್ನಿನ ಸುಲ್ತಾನರಿಗೆ ಬೇಕಾದವರು ಸಿಪಾಯಿಗಳು. ಅವರ ದರಬಾರಿನಲ್ಲಿ ದಖ್ಖನಿಗಳಿಗೂ ಪರ್ಶಿಯಾದ ಕಡೆಯಿಂದ ಬಂದವರಿಗೂ ಸದಾ ತಿಕ್ಕಾಟ. ತಂದೆತಾಯಿ, ಬಂಧುಬಳಗ, ಊರುಕೇರಿ ಯಾವುದೂ ಇಲ್ಲದ ಹುಡುಗನು ಒಡೆಯನನ್ನು ಬಿಟ್ಟು ಯಾರ ಪಕ್ಷ ಹಿಡಿದಾನು? ಹಬಶಿಗಳನ್ನು, ಎಂದರೆ ಇಥಿಯೋಪಿಯದ ಕಡೆಯ ಹುಡುಗರನ್ನು, ಕೊಳ್ಳುತ್ತಿದ್ದುದರ ಗುಟ್ಟು ಇದು.

ಅಂಥ ಒಬ್ಬ ಹುಡುಗನ ಹುಟ್ಟುಹೆಸರು ಮಾತ್ರ ನಮಗೆ ಉಳಿದು ಬಂದಿದೆ: ಚಾಪು. ೧೫೪೮ರ ಸುಮಾರಿಗೆ ಇಥಿಯೋಪಿಯದಲ್ಲಿ ಹುಟ್ಟಿದವನು. ಕೈಯಿಂದ ಕೈಗೆ ಮಾರಾಟವಾಗುತ್ತ ಬಾಗದಾದಿಗೆ ಬಂದ. ಅಲ್ಲಿ ಮೀರ್ ಕಾಸಿಂ ಎಂಬ ವರ್ತಕ ಇವನ ಬುದ್ಧಿ ಕಂಡು ಓದುಬರಹ ಕಲಿಸಿ, ಇಸ್ಲಾಮಿಗೆ ಸೇರಿಸಿ, ಅಂಬರ ಎಂದು ಹೆಸರಿಟ್ಟ. ಮುಂದೆ ದಖ್ಖನ್ನಿಗೆ ಕರೆತಂದು ಮಾರಿಯೂ ಬಿಟ್ಟ. ಕಥೆಯ ಭಿಕ್ಷುಕನಿಗೂ ಈ ವರ್ತಕನಿಗೂ ಇರುವ ಅಂತರ ಅಷ್ಟು. ಕೊಂಡವನು ಅಹಮದನಗರದ ಪೇಶ್ವೆ ಚಂಗೀಜ್ ಖಾನ್. ಸ್ವಾರಸ್ಯವೆಂದರೆ ಆ ಚಂಗೀಜ್ ಖಾನನೂ ಒಂದು ಕಾಲಕ್ಕೆ ಕೊಂಡು ತಂದ ಹಬಶಿ ಗುಲಾಮನೇ. ಅವನ ಬಳಿ ಇಂಥ ಸಾವಿರ ಮಂದಿ ಇದ್ದರಂತೆ.

ಚಂಗೀಜ್ ಖಾನ್ ೧೫೭೦ರ ದಶಕದಲ್ಲಿ ತೀರಿಕೊಂಡ. ಅವನ ವಿಧವೆ ಅಂಬರನನ್ನು ಬಿಡುಗಡೆ ಮಾಡಿದಳು. ಮದುವೆಯಾಯಿತು. ಕೆಲಕಾಲ ನಮ್ಮ ವಿಜಾಪುರದ ಅರಸನ ಚಾಕರಿ ಮಾಡಿದ. ‘ಮಲಿಕ್’ ಎಂಬ ಬಿರುದು ಇಲ್ಲಿಯೇ ಬಂತೆಂದು ಹೇಳುವುದುಂಟು. ಮರಳಿ ಅಹಮದನಗರಕ್ಕೆ ಹೋದಾಗ ಅವನ ಬೆನ್ನಿಗಿದ್ದವರು ನೂರೈವತ್ತು ಸವಾರರು. ೧೬೦೦ರಲ್ಲಿ ಮೊಗಲರು ಅಹಮದನಗರದ ಕೋಟೆಯನ್ನು ಹಿಡಿದ ಮೇಲೆ, ಅರಸು ಮನೆತನದ ತರುಣನೊಬ್ಬನನ್ನು ತಂದು ಮುರ್ತಜಾ ನಿಜಾಮಶಾಹನೆಂದು ಪಟ್ಟ ಕಟ್ಟಿ, ತನ್ನ ಮಗಳನ್ನೇ ಕೊಟ್ಟು ಮದುವೆ ಮಾಡಿ, ರಾಜ್ಯದ ಸೂತ್ರಗಳನ್ನು ಅಂಬರ ಕೈಗೆ ತೆಗೆದುಕೊಂಡ. ಮುಂದೆ ಸಾಯುವತನಕ, ಕಾಲು ಶತಮಾನ, ಅಕಬರನ ಮತ್ತು ಜಹಾಂಗೀರನ ದಂಡುಗಳನ್ನು ತಡೆದು ನಿಂತ. ರೇಗಿದ ಜಹಾಂಗೀರ, ಭಲ್ಲೆಗೆ ಸಿಕ್ಕಿಸಿದ ಅಂಬರನ ತಲೆಗೆ ತಾನು ಬಾಣ ಬಿಡುವಂತೆ ಚಿತ್ರ ಬರೆಯಿಸಿಕೊಂಡ. ಕೈಗೆ ಸಿಗದ ತಲೆ ಚಿತ್ರದಲ್ಲಾದರೂ ಸಿಕ್ಕಲಿ ಎಂದಿರಬೇಕು! ಮುಂದೆ ಔರಂಗಾಬಾದ್ ಎನಿಸಿದ ಪಟ್ಟಣಕ್ಕೆ ಖಡಕಿ ಎಂಬ ಹೆಸರಿನಲ್ಲಿ ಅಡಿಪಾಯ ಹಾಕಿ ಅದಕ್ಕೆ ನೀರಿನ ಕಾಲುವೆ ತಂದವನೂ ಇವನೇ. ಆ ಪಟ್ಟಣದ ಹೆಸರು ೨೦೨೩ರಲ್ಲಿ ಛತ್ರಪತಿ ಸಂಭಾಜಿನಗರವೆಂದಾಯಿತು.

ಇಲ್ಲಿಯವರೆಗಿನದು ಪಠ್ಯಪುಸ್ತಕಕ್ಕೆ ಒಪ್ಪುವ ಭಾಗ. ೧೬೧೭ರಲ್ಲಿ ಅಂಬರನನ್ನು ಕಣ್ಣಾರೆ ಕಂಡ ಡಚ್ ವರ್ತಕ ವಾನ್ ಡೆನ್ ಬ್ರೂಕೆ ಇನ್ನೊಂದನ್ನು ಬರೆದಿದ್ದಾನೆ. ಸುಲ್ತಾನನ ಹಿರಿಯ ಹೆಂಡತಿ ಪರ್ಶಿಯದವಳು. ಸವತಿಯರ ಜಗಳದಲ್ಲಿ ಆಕೆ ಅಂಬರನ ಮಗಳನ್ನು ಗುಲಾಮಳೆಂದು ಹೀಯಾಳಿಸಿದಳು. ಮಗಳು ತಂದೆಗೆ ತಿಳಿಸಿದಳು. ಸುಲ್ತಾನನೂ ಆ ರಾಣಿಯೂ ವಿಷಕ್ಕೆ ಬಲಿಯಾದರು. ಐದು ವರ್ಷದ ಮಗು ಸಿಂಹಾಸನವನ್ನೇರಿತು. ಬಿಡುಗಡೆಯಾಗಿ ಮೂವತ್ತು ವರ್ಷ ಕಳೆದ ಮೇಲೂ ಆ ಒಂದು ಮಾತಿಗೆ ಅಷ್ಟು ಬೆಲೆಯಿತ್ತು.

ಇನ್ನು ಅಂಬರನ ದಂಡಿನ ಲೆಕ್ಕ ನೋಡಿ. ೧೬೧೦ರ ಹೊತ್ತಿಗೆ ಅವನ ಕೈಕೆಳಗೆ ಹತ್ತು ಸಾವಿರ ಹಬಶಿಗಳು, ನಲವತ್ತು ಸಾವಿರ ದಖ್ಖನಿಗಳು ಇದ್ದರೆಂದು ಇಂಗ್ಲಿಷ್ ವರ್ತಕ ವಿಲಿಯಂ ಫಿಂಚ್ ಬರೆಯುತ್ತಾನೆ. ಆ ಹತ್ತು ಸಾವಿರ ಜನ ಎಲ್ಲಿಂದ ಬಂದರು? ದಖ್ಖನ್ನಿನಲ್ಲಿ ಒಡೆಯ ಸತ್ತರೆ ಹಬಶಿ ಸಿಪಾಯಿ ಸಾಮಾನ್ಯವಾಗಿ ಸ್ವತಂತ್ರನಾಗುತ್ತಿದ್ದ. ಅವನ ಮಕ್ಕಳು ಗುಲಾಮರಲ್ಲ. ಕೇಳಲು ಹಿತವಾದ ಪದ್ಧತಿ. ಆದರೆ ಹಳಬರು ಬಿಡುಗಡೆಯಾದಂತೆಲ್ಲ ಅವರ ಜಾಗಕ್ಕೆ ಹೊಸ ಹುಡುಗರು ಬೇಕು. ಕಡಲಾಚೆ ಇನ್ನೊಂದು ಮನೆ ಬರಿದಾಗಬೇಕು. ಚಾಪುವನ್ನು ತಂದ ವ್ಯಾಪಾರವೇ ಅಂಬರನ ದಂಡನ್ನೂ ತುಂಬಿತು. ಥಾರ್ಬಿಯ ಕಣ್ಣಿಗೆ ಬಿದ್ದ ಲೆಕ್ಕ ಇವನ ಕಣ್ಣಿಗೂ ಬಿತ್ತೆ? ಬಿದ್ದಿದ್ದರೂ ಅದು ಅವನ ಕೈಯನ್ನು ತಡೆಯಲಿಲ್ಲ.

ವಿಜಾಪುರದಲ್ಲಿ ನಡೆದುದನ್ನೂ ಒಂದು ಮಾತಿನಲ್ಲಿ ಹೇಳಬೇಕು. ೧೫೮೦ರಲ್ಲಿ ಪಟ್ಟವೇರಿದ ಇಬ್ರಾಹಿಂ ಆದಿಲಶಾಹನಿಗೆ ಆಗ ಒಂಬತ್ತು ವರ್ಷ. ಕೆಲಕಾಲದಲ್ಲೇ ಅಧಿಕಾರವೆಲ್ಲ ದಿಲಾವರ್ ಖಾನನೆಂಬ ಹಬಶಿಯ ಕೈಗೆ ಬಂತು. ಹುಡುಗ ದೊಡ್ಡವನಾದದ್ದು ೧೫೯೦ರ ಸುಮಾರಿಗೆ, ದಿಲಾವರನನ್ನು ಹೊರಗಟ್ಟಿದಾಗ. ಜಗದ್ಗುರು ಎಂದು ಪ್ರಜೆಗಳು ಕರೆದ, ಸಂಗೀತಕ್ಕೆ ಮನಸೋತ ಅರಸ ಇವನೇ. ಅಭಯವಿತ್ತು ಮರಳಿ ಕರೆಸಿಕೊಂಡ ದಿಲಾವರನ ಕಣ್ಣು ತೆಗೆಸಿದವನೂ ಇವನೇ.

ಹೆಸರು ಉಳಿದವರ ಮಾತು ಇದಾಯಿತು. ಉಳಿಯದವರಲ್ಲಿ ಅನೇಕರು ಗೋವೆಯ ಮನೆಗಳಿಂದ ತಪ್ಪಿಸಿಕೊಂಡು ಘಟ್ಟ ಹತ್ತಿ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಅಂಕೋಲೆಗಳ ಅಡವಿಯಂಚಿನಲ್ಲಿ, ನಮ್ಮ ಖಾನಾಪುರದ ಕಡೆಗೂ, ಅವರ ವಂಶದ ಸಿದ್ದಿಗಳು ಇದ್ದಾರೆ. ಹಿಂದೂ, ಮುಸಲ್ಮಾನ, ಕ್ರೈಸ್ತ ಮೂರೂ ಮತದವರು. ಮನೆಯ ಮಾತು ಬಹುಮಟ್ಟಿಗೆ ಕೊಂಕಣಿ, ಸಂತೆಯ ಮಾತು ಕನ್ನಡ. ೨೦೦೩ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು. ಬೆಳಗಾವಿ, ಧಾರವಾಡ ಜಿಲ್ಲೆಗಳವರಿಗೆ ಅದು ದೊರೆತದ್ದು ೨೦೨೦ರಲ್ಲಿ. ಅದೇ ವರ್ಷ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು.

ಹಬಶಿ ಹುಡುಗರ ಕಥೆ ದೂರದ್ದೆನಿಸಿದರೆ ನಿಮ್ಮ ಮನೆಯ ಹಿರಿಯರನ್ನು ಜೀತದ ವಿಷಯ ಕೇಳಿ ನೋಡಿ. ತಂದೆ ಮಾಡಿದ ಸಾಲಕ್ಕೆ ಮಗ ಗೌಡರ ಕೊಟ್ಟಿಗೆಯಲ್ಲಿ ದನ ಕಾಯುತ್ತ ಮೀಸೆ ಮೂಡಿಸಿಕೊಂಡದ್ದನ್ನು ಕಂಡವರು ಸಿಕ್ಕಾರು. ಅಲ್ಲಿ ಹರಾಜಿನ ಕಟ್ಟೆ ಇರಲಿಲ್ಲ, ಹಡಗೂ ಇರಲಿಲ್ಲ. ಅಂಥ ಸಾಲವೇ ರದ್ದು ಎಂದು ಸಾರಿದ ಜೀತ ಪದ್ಧತಿ ನಿರ್ಮೂಲನ ಕಾಯಿದೆ ಬಂದದ್ದು ೧೯೭೬ರಲ್ಲಿ. ಮಲಿಕ್ ಅಂಬರ ಸತ್ತು ಆಗ ಮುನ್ನೂರೈವತ್ತು ವರ್ಷಗಳಾಗಿದ್ದವು.