ಪುಣೆಯ ಸೊಳ್ಳೆಕೋಶಗಳು: ಮರೆಯಬಾರದ ಒಂದು ಸಂಶೋಧನೆ

ಪುಣೆಯಲ್ಲಿ ನೆಲಸಿದ ಕನ್ನಡಿಗರಲ್ಲಿ ಡಾ. ಅಂಬೇಡ್ಕರ್ ರಸ್ತೆಯನ್ನು ಅರಿಯದವರು ವಿರಳ. ಅಲ್ಲಿರುವ ರಾಷ್ಟ್ರೀಯ ವಿಷಾಣು ವಿಜ್ಞಾನ ಸಂಸ್ಥೆಯು 1952ರಲ್ಲಿ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಾಗೂ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನಗಳ ಸಹಕಾರದಿಂದ, ವೈರಸ್ ಸಂಶೋಧನ ಕೇಂದ್ರವೆಂಬ ಹೆಸರಿನಲ್ಲಿ ಜನ್ಮತಾಳಿತು. 1978ರಲ್ಲಿ ಈಗಿನ ಹೆಸರನ್ನು ಪಡೆಯಿತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಅಡವಿಯಲ್ಲಿ ಮಂಗಗಳು ಸತ್ತು ಬಿದ್ದಾಗ ರೋಗದ ಮೂಲವನ್ನು ಶೋಧಿಸಿದವರು ಇಲ್ಲಿನ ವಿಜ್ಞಾನಿಗಳೆಂಬುದನ್ನು ನಾವು ಬಲ್ಲೆವು. ಅದು ಉಣುಗಿನಿಂದ ಹರಡುವ ರೋಗ. ಸೊಳ್ಳೆಯಿಂದ ಹರಡುವ ವಿಷಾಣುಗಳ ಅಧ್ಯಯನಕ್ಕೆ ಇದೇ ಸಂಸ್ಥೆ ಸಲ್ಲಿಸಿದ ಕಾಣಿಕೆ ಮಾತ್ರ ಅಷ್ಟಾಗಿ ತಿಳಿದಿಲ್ಲ. ಅದನ್ನು ನೆನೆಯುವುದೇ ಈ ಲೇಖನದ ಉದ್ದೇಶ.

ಡೆಂಗೆ, ಚಿಕೂನ್‌ಗುನ್ಯ ಮೊದಲಾದ ವಿಷಾಣುಗಳು ಎರಡು ಮನೆಗಳಲ್ಲಿ ಬಾಳುವಂಥವು: ಒಂದು ಮನುಷ್ಯನ ದೇಹ, ಇನ್ನೊಂದು ಸೊಳ್ಳೆಯ ದೇಹ. ಮನುಷ್ಯನ ಜೀವಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸುವ ವಿದ್ಯೆ 1950ರ ದಶಕದ ಆರಂಭದಲ್ಲೇ ಕೈವಶವಾಗಿತ್ತು. ಸೊಳ್ಳೆಯ ಕೋಶಗಳಾದರೋ ಸುಲಭವಾಗಿ ಮಣಿಯಲಿಲ್ಲ. 1967ರಲ್ಲಿ ಪುಣೆಯ ಕೇಂದ್ರದ ಕೆ.ಆರ್.ಪಿ. ಸಿಂಗ್ ಅವರು ಈಡಿಸ್ ಆಲ್ಬೊಪಿಕ್ಟಸ್ ಮತ್ತು ಈಡಿಸ್ ಈಜಿಪ್ಟೈ ಎಂಬೆರಡು ಜಾತಿಯ ಸೊಳ್ಳೆಗಳ, ತತ್ತಿಯೊಡೆದು ಆಗತಾನೇ ಹೊರಬಂದ ಮರಿಗಳಿಂದ ಕೋಶಗಳನ್ನು ಪಡೆದು, ಪೋಷಕದ್ರವದಲ್ಲಿ ತಲೆಮಾರಿನಿಂದ ತಲೆಮಾರಿಗೆ ಬೆಳೆಯುವ ಸಂತತಿಗಳನ್ನು ಸಾಧಿಸಿದರು. ಆ ವರದಿ ಪ್ರಕಟವಾದದ್ದು ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ. ಆ ಕೋಶಗಳಲ್ಲಿ ಇಂಥ ವಿಷಾಣುಗಳು ವೃದ್ಧಿಯಾಗುವುದನ್ನು ಮರುವರ್ಷ ಸಿಂಗ್ ಮತ್ತು ಪಾಲ್ ಅವರು ಅದೇ ಪತ್ರಿಕೆಯಲ್ಲಿ ತೋರಿಸಿಕೊಟ್ಟರು.

ಇದರಿಂದ ಎರಡು ಮನೆಗಳ ನಡವಳಿಕೆಯನ್ನು ಅಕ್ಕಪಕ್ಕದಲ್ಲಿಟ್ಟು ನೋಡುವುದು ಸಾಧ್ಯವಾಯಿತು. ಚಿಕೂನ್‌ಗುನ್ಯ ವಿಷಾಣು ಮನುಷ್ಯನ ಕೋಶದ ಹೊರಮೈಯಲ್ಲಿರುವ ಗ್ರಾಹಕ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ. ಅಂಥದೊಂದು ಗ್ರಾಹಕವಾದ ಎಂಎಕ್ಸ್‌ಆರ್‌ಎ8 ಗುರುತಿಗೆ ಬಂದದ್ದು 2018ರಲ್ಲಿ. ಬಳಿಕ ಕೋಶವೇ ವಿಷಾಣುವನ್ನು ಸಣ್ಣ ಚೀಲದೊಳಗೆ ಸೆಳೆದುಕೊಳ್ಳುತ್ತದೆ. ಆ ಚೀಲದ ಆಮ್ಲತೆಯೇ ವಿಷಾಣುವಿಗೆ ಬಾಗಿಲು ತೆರೆಯುವ ಸಂಕೇತ. ಹೊರಬಿದ್ದ ಆರ್.ಎನ್.ಎ. ಕೋಶದ ಯಂತ್ರಗಳನ್ನು ವಶಮಾಡಿಕೊಂಡು ತನ್ನ ಪ್ರತಿಗಳನ್ನು ಮಾಡಿಸುತ್ತದೆ. ಕೋಶವು ಇಂಟರ್‌ಫೆರಾನ್ ಎಂಬ ದ್ರವ್ಯದ ಮೂಲಕ ನೆರೆಯ ಕೋಶಗಳನ್ನು ಎಚ್ಚರಿಸುತ್ತದೆಯಾದರೂ ಸಾಮಾನ್ಯವಾಗಿ ತಾನು ಸಾಯುತ್ತದೆ. ಸೊಳ್ಳೆಯ ಕೋಶವಾದರೋ ಅದೇ ವಿಷಾಣುವನ್ನು ಹೊತ್ತೂ ಬಹುಕಾಲ ಬದುಕಬಲ್ಲುದು. ಅದಕ್ಕೆ ಇಂಟರ್‌ಫೆರಾನ್ ಇಲ್ಲ, ವಿಷಾಣುವಿನ ಆರ್.ಎನ್.ಎ.ಯನ್ನು ತುಂಡರಿಸುವ ಬೇರೊಂದು ಕಾವಲು ಉಂಟು.

1978ರಲ್ಲಿ ಜಪಾನಿನ ಅಕಿರಾ ಇಗರಾಶಿ ಅವರು ಸಿಂಗ್ ಅವರ ಕೋಶಗಳಿಂದಲೇ, ಡೆಂಗೆ ಮತ್ತು ಚಿಕೂನ್‌ಗುನ್ಯ ವಿಷಾಣುಗಳು ಹುಲುಸಾಗಿ ಬೆಳೆಯುವ ಒಂದು ಶಾಖೆಯನ್ನು ಬೇರ್ಪಡಿಸಿದರು. ಅದೇ ಸಿ6/36. ಆ ಕಾವಲಿನ ಕತ್ತರಿಯಾದ ಡೈಸರ್-2 ಈ ಶಾಖೆಯಲ್ಲಿ ಊನವಾಗಿದೆಯೆಂಬ ಕಾರಣ 2010ರಲ್ಲಿ ಬೆಳಕಿಗೆ ಬಂತು. ರೋಗಿಯ ರಕ್ತದಿಂದ ಇಂಥ ವಿಷಾಣುಗಳನ್ನು ಬೇರ್ಪಡಿಸಲು ಜಗತ್ತಿನ ಪ್ರಯೋಗಾಲಯಗಳು ಇಂದಿಗೂ ಈ ಕೋಶಗಳನ್ನು ಆಶ್ರಯಿಸುತ್ತವೆ.

ಇಗರಾಶಿಯವರು ತಮ್ಮ ಪ್ರಬಂಧದ ಶಿರೋನಾಮೆಯಲ್ಲಿಯೇ ಸಿಂಗ್ ಅವರ ಹೆಸರನ್ನು ಉಳಿಸಿದ್ದರು. ಇಂದು ಸಾಮಾನ್ಯವಾಗಿ ಉಳಿದಿರುವುದು ಸಂಖ್ಯೆ ಮಾತ್ರ. ಬ್ಯಾಂಕಿನ ಲೆಕ್ಕಪುಸ್ತಕದೊಡನೆ ಬಾಳುವ ನನಗೆ ಇದು ಸಣ್ಣ ಲೋಪವಾಗಿ ಕಾಣುವುದಿಲ್ಲ. ಬಡ್ಡಿ ಎಷ್ಟೇ ಬೆಳೆಯಲಿ, ಮೂಲಧನವನ್ನಿಟ್ಟವನ ಹೆಸರು ಪುಟದ ಮೇಲಿರಬೇಕು.

2006ರಲ್ಲಿ ಚಿಕೂನ್‌ಗುನ್ಯ ಮರುಕಳಿಸಿದಾಗ ಅಕ್ಟೋಬರ್ ಹೊತ್ತಿಗೆ ಕರ್ನಾಟಕವೊಂದರಲ್ಲೇ 7,52,245 ಶಂಕಿತ ಪ್ರಕರಣಗಳು ಲೆಕ್ಕಕ್ಕೆ ಬಂದಿದ್ದವು, ಮಹಾರಾಷ್ಟ್ರದಲ್ಲಿ 2,58,998. ಕೀಲುನೋವಿನಿಂದ ಬಾಗಿದ ನಮ್ಮ ಬಂಧುಗಳು ಎರಡೂ ಕಡೆ ಇದ್ದರು. ಆ ನೋವಿನ ಕಾರಣವನ್ನು ಅರಿಯುವ ದಾರಿಯ ಒಂದು ಮೆಟ್ಟಿಲು ನಾವು ಬಾಳುವ ಈ ಊರಿನಲ್ಲಿ ಕಟ್ಟಲ್ಪಟ್ಟು, ನಾವು ಬಿಟ್ಟುಬಂದ ನಾಡಿನ ಪತ್ರಿಕೆಯಲ್ಲಿ ದಾಖಲಾಯಿತು. ಅದನ್ನು ಕನ್ನಡದಲ್ಲಿ ಬರೆದಿಡುವುದು ನಮ್ಮ ಪಾಲಿನ ಋಣಸಂದಾಯ.