ಬೇಗೂರಿನ ಉಬ್ಬುಶಿಲ್ಪಗಳು

ಶಾಸನಗಳ ಬೆಂಪೂರೇ ಇಂದಿನ ಬೇಗೂರು. ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಹೊಸೂರು ರಸ್ತೆಯಿಂದ ಪಶ್ಚಿಮಕ್ಕಿದೆ. ಇಲ್ಲಿನ ನಾಗೇಶ್ವರ, ನಾಗರೇಶ್ವರ ಗುಡಿಗಳು 9–10ನೇ ಶತಮಾನದ ಗಂಗರವು. ಆವರಣದ ಉಳಿದ ಗುಡಿಗಳು ಚೋಳರ ಕಾಲದವು. ನಾಗೇಶ್ವರ ಗುಡಿಯ ಮಹಾಮಂಟಪದ ಒಳಮಾಳಿಗೆಯಲ್ಲಿ ನಡುವೆ ಉಮಾಮಹೇಶ್ವರ, ಸುತ್ತ ಅಷ್ಟದಿಕ್ಪಾಲಕರು.

ಊರಿನ ಎರಡು ಕಲ್ಲುಗಳನ್ನು ಒಂದೇ ಎಂದು ತಿಳಿಯುವುದು ಬಹುಕಾಲದಿಂದ ನಡೆದುಬಂದಿದೆ. ಆರ್. ನರಸಿಂಹಾಚಾರ್ ಬೆಳಕಿಗೆ ತಂದ ಸುಮಾರು 890ರ ಶಾಸನ ದೇವಾಲಯದಲ್ಲೇ ಇದೆ. ನಾಗತ್ತರನ ಮಗ ಬುಟ್ಟಣ ಸೆಟ್ಟಿ ಮಡಿದ 'ಬೆಂಗಳೂರ ಕಾಳಗ' ಅದರಲ್ಲಿದೆ. 12ನೇ ಶತಮಾನದ ಹೊಯ್ಸಳ ಬಲ್ಲಾಳನಿಗೆ ಅಜ್ಜಿ ಬೇಯಿಸಿಕೊಟ್ಟ ಕಾಳಿನಿಂದ ಬೆಂಗಳೂರಿಗೆ ಹೆಸರು ಬಂತೆಂಬ ಕಥೆ ಇದರ ಮುಂದೆ ನಿಲ್ಲುವುದಿಲ್ಲ.

ಯುದ್ಧದ ದಟ್ಟ ಉಬ್ಬುಗೆತ್ತನೆ ಇರುವುದು ಇನ್ನೊಂದು ಕಲ್ಲಿನಲ್ಲಿ. ಬೇಗೂರಿನಿಂದ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಬಂದ ಈ ವೀರಗಲ್ಲಿನ ಕಾಳಗ ಬೆಂಗಳೂರಿನದಲ್ಲ, ತುಂಬೆಪಾಡಿಯದು. ಗಂಗ ಎರೆಯಪ್ಪನು ಬೀರಮಹೇಂದ್ರನ ವಿರುದ್ಧ ಅಯ್ಯಪದೇವನ ನೆರವಿಗೆ ನಾಗತ್ತರನನ್ನು ಕಳಿಸಿದ. ಆನೆಗಳೊಡನೆ ಹೋರಾಡಿ ಅವನು ಸತ್ತ. ಆಮೇಲೆ ಎರೆಯಪ್ಪ ಇರುಗನೆಂಬವನಿಗೆ ನಾಗತ್ತರ ಪಟ್ಟ ಕಟ್ಟಿ, ಬೆಂಪೂರಿನ ಹನ್ನೆರಡು ಊರುಗಳನ್ನು ಕಲ್ನಾಡಾಗಿ (ವೀರನ ನೆನಪಿನ ದತ್ತಿಯಾಗಿ) ಕೊಟ್ಟ. ಬೀರಮಹೇಂದ್ರನನ್ನು ನೊಳಂಬನೆಂದವರೂ ಇದ್ದಾರೆ, ಪೂರ್ವ ಚಾಲುಕ್ಯನೆಂದವರೂ ಇದ್ದಾರೆ. ಎರೆಯಪ್ಪನ ಆಳ್ವಿಕೆಯ ಲೆಕ್ಕ ಒಂದಾಗದ್ದರಿಂದ ಕಲ್ಲಿನ ಕಾಲವನ್ನೂ 890ರ ಸುಮಾರು, 10ನೇ ಶತಮಾನದ ಆರಂಭ ಎಂದು ಎರಡು ಬಗೆಯಲ್ಲಿ ಹೇಳುತ್ತಾರೆ.

ನಂತರದ ವೀರಗಲ್ಲುಗಳಲ್ಲಿ ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಲಿಂಗಪೂಜೆ ಎಂಬ ಅಂತಸ್ತುಗಳಿರುತ್ತವೆ. ಇಲ್ಲಿ ಕಾಳಗವೇ ಮುಖ್ಯ. ಈಜಿಪ್ಟಿನ ಮೆದಿನೆತ್ ಹಾಬು ದೇವಾಲಯದ ಹೊರಗೋಡೆಗಳಲ್ಲೂ 3ನೇ ರಾಮ್ಸೆಸ್‌ನ ಯುದ್ಧಗಳಿವೆ. ಅಲ್ಲಿ ಆಕೃತಿಯನ್ನು ಗೋಡೆಯ ಮಟ್ಟಕ್ಕಿಂತ ಒಳಗೆ ಕೊರೆದಿದ್ದರೆ, ಇಲ್ಲಿ ಹಿನ್ನೆಲೆಯನ್ನು ತೆಗೆದು ಆಕೃತಿಯನ್ನು ಎಬ್ಬಿಸಿದ್ದಾರೆ. ದೊಡ್ಡ ಭೇದ ಬೇರೆಯದು: ಅಲ್ಲಿ ಗೆದ್ದ ಅರಸ, ಇಲ್ಲಿ ಸತ್ತ ಆಳು.

ಬಿ. ಎಲ್. ರೈಸ್ ಬೆಂಗಳೂರು ಜಿಲ್ಲೆಯ ಶಾಸನಗಳನ್ನು 'ಎಪಿಗ್ರಾಫಿಯ ಕರ್ನಾಟಿಕ'ದ 9ನೇ ಸಂಪುಟದಲ್ಲಿ 1905ರಲ್ಲಿ ಪ್ರಕಟಿಸಿದರು. ಆಗ ದಾಖಲಾದ ಎಷ್ಟೋ ಕಲ್ಲುಗಳು ನಗರ ಬೆಳೆದಂತೆ ಕಾಣೆಯಾದವು. ಹೆಬ್ಬಾಳದಲ್ಲಿ 2018ರಲ್ಲಿ ಸಿಕ್ಕ, ಗಂಗ ಶ್ರೀಪುರುಷನ ಕಾಲದ ಕಿತ್ತಯ್ಯನ ವೀರಗಲ್ಲು ಸುಮಾರು 750ರದು, ಬೇಗೂರಿನವುಗಳಿಗಿಂತ ಹಳೆಯದು. 2021ರಿಂದ ಮಿಥಿಕ್ ಸೊಸೈಟಿ ನಗರದ ಶಾಸನಗಳನ್ನು ತ್ರಿಆಯಾಮದಲ್ಲಿ ಸ್ಕ್ಯಾನ್ ಮಾಡಿ ಡಿಜಿಟಲ್ ರೂಪದಲ್ಲಿ ಉಳಿಸುತ್ತಿದೆ.