ಕಪಾಲಿ ಚಿತ್ರಮಂದಿರದ ಇತಿಹಾಸ

ಗಡಿನಾಡಿನ ಅಧ್ಯಾಪಕರ ಸಂಚಿಕೆಯಲ್ಲಿ ಬೆಂಗಳೂರಿನ ಒಂದು ಚಿತ್ರಮಂದಿರದ ವಿಚಾರವೇಕೆ ಎಂದು ವಾಚಕರಿಗೆ ಅನ್ನಿಸಬಹುದು. ಶಾಸನಕ್ಕೂ ಕೋಟೆಗೂ ಇತಿಹಾಸವುಂಟು, ಟಾಕೀಸಿಗೆಂತಹ ಇತಿಹಾಸ ಎಂಬ ಆಕ್ಷೇಪವೂ ಬಂದೀತು. ಆದರೆ 1956ರ ನವೆಂಬರ್ 1ರಂದು ನಿರ್ಣಾ ಭಾಗವನ್ನುಳಿದ ಜಹೀರಾಬಾದ ತಾಲ್ಲೂಕು, ನಾರಾಯಣಖೇಡ ತಾಲ್ಲೂಕುಗಳು ಬೀದರ ಜಿಲ್ಲೆಯಿಂದಲೂ, ತಾಂಡೂರು ಗುಲಬರ್ಗಾ ಜಿಲ್ಲೆಯಿಂದಲೂ ಬೇರ್ಪಟ್ಟು ಆಂಧ್ರಪ್ರದೇಶಕ್ಕೆ ಸೇರಿದವು. ಹೀಗೆ ಕನ್ನಡ ಚಿತ್ರಗಳ ಊರು ನಮ್ಮ ರಾಜ್ಯದ ಆಚೆಗೇ ಉಳಿಯಿತು. ವಿಚಿತ್ರವೆಂದರೆ, ಚಿತ್ರ ಹಂಚುವವರ ಲೆಕ್ಕದಲ್ಲಿ ಹಳೆಯ ರಾಜ್ಯ ಒಡೆಯಲೇ ಇಲ್ಲ. ಹಿಂದೀ ಚಿತ್ರಗಳ ವ್ಯಾಪಾರದಲ್ಲಿ ತೆಲಂಗಾಣ, ಬೀದರ, ಗುಲಬರ್ಗಾ, ರಾಯಚೂರು, ಮರಾಠವಾಡೆಗಳು ಕೂಡಿ 'ನಿಜಾಮ್' ಎಂಬ ಒಂದೇ ವಲಯವಾಗಿ ಉಳಿದವು. ಇದನ್ನು ಯಾವ ಚರಿತ್ರೆಯ ಪಠ್ಯಪುಸ್ತಕದಲ್ಲಿಯೂ ನಾವು ಕಂಡಿಲ್ಲ.

ಕನ್ನಡ ಚಿತ್ರದ ಹಣೆಬರಹ ನಿರ್ಧಾರವಾಗುತ್ತಿದ್ದುದು ಬೆಂಗಳೂರಿನ ಗಾಂಧಿನಗರ ಹಾಗೂ ಕೆಂಪೇಗೌಡ ರಸ್ತೆಗಳಲ್ಲಿ. ಅಲ್ಲಿನ ಮುಖ್ಯ ಚಿತ್ರಮಂದಿರದಲ್ಲಿ ಎಷ್ಟು ವಾರ ಓಡಿತೆಂಬುದೇ ಚಿತ್ರದ ಯೋಗ್ಯತೆಗೆ ಅಳತೆಗೋಲಾಗಿತ್ತು. ಒಂದು ಕಡೆ ರೈಲು ನಿಲ್ದಾಣ. ಎದುರಿಗೆ, ನೀರು ಬತ್ತಿದ ಧರ್ಮಾಂಬುಧಿ ಕೆರೆಯ ನೆಲದಲ್ಲಿ ಬಸ್ಸು ನಿಲ್ದಾಣ. ಕಚೇರಿಯ ಕೆಲಸಕ್ಕೋ ಸಂತೆಗೋ ಬಂದ ಹಳ್ಳಿಗನು ಒಂದು ಆಟ ನೋಡಿಕೊಂಡು ರಾತ್ರಿಯ ಗಾಡಿ ಹಿಡಿಯುತ್ತಿದ್ದನು. ಸಾಗರ್, ಗೀತಾ, ಹಿಮಾಲಯ, ಕೆಂಪೇಗೌಡ, ಅಲಂಕಾರ್, ಕಲ್ಪನಾ, ಸ್ಟೇಟ್ಸ್, ಎಷ್ಟೊಂದು ಹೆಸರುಗಳು! ಸಂತೋಷ್, ನರ್ತಕಿ, ಸಪ್ನಾಗಳಂತೂ ಒಂದೇ ಆವರಣದಲ್ಲಿ ನಿಂತು, ಮಲ್ಟಿಪ್ಲೆಕ್ಸ್ ಎಂಬ ಮಾತು ಹುಟ್ಟುವ ಮುನ್ನವೇ ಅದರ ರೂಪವನ್ನು ತೋರಿಸಿದ್ದವು. ಮೆಜೆಸ್ಟಿಕ್ ಚಿತ್ರಮಂದಿರವಂತೂ ತಾನು ಅಳಿದರೂ ಆ ಪ್ರದೇಶಕ್ಕೆಲ್ಲ ತನ್ನ ಹೆಸರನ್ನು ಬಿಟ್ಟುಹೋಯಿತು.

ಈ ಸಾಲಿನಲ್ಲಿ ಸುಬೇದಾರ್ ಛತ್ರದ ರಸ್ತೆಯ ಕಪಾಲಿಯದು ಹಿರಿದಾದ ಸ್ಥಾನ. 1968ರಲ್ಲಿ ಅದನ್ನು ಆಗಿನ ಉಪಪ್ರಧಾನಿ ಮೊರಾರ್ಜಿ ದೇಸಾಯಿಯವರು ಉದ್ಘಾಟಿಸಿದರು. ಸಾವಿರಕ್ಕೂ ಮಿಕ್ಕಿ ಆಸನಗಳು. ಮೇಲಾಗಿ ಸಿನಿರಮಾ ಪರದೆ. ಸಿನಿರಮಾ 1952ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲು ತೋರಿದ ಪದ್ಧತಿ. ಆರಂಭದಲ್ಲಿ ಮೂರು ಯಂತ್ರಗಳು ಒಟ್ಟಿಗೆ ಮೂರು ಚಿತ್ರಗಳನ್ನು ಬಾಗಿದ ಪರದೆಯ ಮೇಲೆ ಬೀರಿ ಒಂದಾಗಿಸುತ್ತಿದ್ದವು. ಯಂತ್ರಗಳ ಹೊಂದಿಕೆ ತಪ್ಪಿದರೆ ಚಿತ್ರಗಳು ಕೂಡುವ ಗೆರೆ ಕಣ್ಣಿಗೆ ಹೊಡೆಯುತ್ತಿತ್ತು. ಈ ತೊಡಕಿನಿಂದಾಗಿ 1963ರಿಂದ 70 ಮಿಲಿಮೀಟರಿನ ಒಂದೇ ಫಿಲ್ಮಿನಿಂದ ತೋರಿಸುವ ರೂಢಿ ಬಂತು. ನೋಟಕನು ಚಿತ್ರದೊಳಗೇ ಕುಳಿತಂತೆ ಭ್ರಮೆ ಹುಟ್ಟಿಸುವುದೇ ಆ ಬಾಗಿನ ಉದ್ದೇಶ.

ದೊಡ್ಡದಾಗಿದ್ದುದೇ ಮುಂದೆ ಅದಕ್ಕೆ ಭಾರವಾಯಿತೆಂದು ನಮ್ಮ ಎಣಿಕೆ. ಸಾವಿರ ಆಸನದ ಮಂದಿರ ಮೊದಲ ವಾರ ತುಂಬಿದರೂ ಆಮೇಲೆ ಬರಿದಾಗುವುದು. ವಿದ್ಯುತ್ತು, ಕೂಲಿ, ತೆರಿಗೆಗಳು ಮಾತ್ರ ಕಡಮೆಯಾಗವು. 2004ರಲ್ಲಿ ಕೋರಮಂಗಲದಲ್ಲಿ 11 ಪರದೆಗಳ ಮಲ್ಟಿಪ್ಲೆಕ್ಸ್ ತೆರೆಯಿತು. ಅಲ್ಲಿ ಜನ ಕಡಮೆಯಾದ ಚಿತ್ರವನ್ನು ಚಿಕ್ಕ ಕೋಣೆಗೆ ಸಾಗಿಸಬಹುದು, ದೊಡ್ಡದನ್ನು ಬೇರೊಂದಕ್ಕೆ ಕೊಡಬಹುದು. ಇತ್ತ ನಗರಮಧ್ಯದ ನೆಲದ ಬೆಲೆ ಟಿಕೇಟಿನ ಆದಾಯವನ್ನು ಅಣಕಿಸುವಷ್ಟು ಏರಿತು. 2017ರಲ್ಲಿ 'ಹುಲಿರಾಯ' ಚಿತ್ರದೊಂದಿಗೆ ಕಪಾಲಿಯ ಆಟ ನಿಂತಿತು, ಕಟ್ಟಡವನ್ನೂ ಕೆಡವಿದರು. ಗಾಂಧಿ ಕ್ಲಾಸಿನವರೂ ಬಾಲ್ಕನಿಯವರೂ ಒಂದೇ ಸೂರಿನಡಿ ಒಂದೇ ಸಿಳ್ಳೆಗೆ ನಕ್ಕ ಸಭೆ ಅಲ್ಲಿಗೆ ಚದರಿತು. ಈ ನಷ್ಟವನ್ನು ಯಾರೂ ಲೆಕ್ಕಕ್ಕೆ ಹಿಡಿದಂತಿಲ್ಲ.

ಅದೇ ನೆಲದಲ್ಲಿ ಬಳಿಕ ಅನೇಕ ಪರದೆಗಳ ಹೊಸ ಮಂದಿರವೊಂದು ಎದ್ದಿತು. ಅದಕ್ಕೆ ಸೇರಿದ್ದು ನಮ್ಮ ಹೈದರಾಬಾದಿನ ಎ.ಎಂ.ಬಿ. ಸಂಸ್ಥೆಯ ಹೆಸರು, ಕಪಾಲಿ ಎಂಬುದನ್ನು ಅವರು ಅದರ ಪಕ್ಕದಲ್ಲಿಯೇ ಉಳಿಸಿಕೊಂಡಿದ್ದಾರೆ.